ಜಂಗಿನ ಮೇಡಂ

ಪಂಚಶೀಲಾ ಮೇಡಂ ಇತಿಹಾಸದವರು ಎಂದು ನಾನು ಪೂರಾ ಎರಡು ವರ್ಷ ನಂಬಿದ್ದೆ. ತಪ್ಪು ನನ್ನದೊಬ್ಬನದೇ ಅಲ್ಲ, ಅರ್ಧ ನಮ್ಮ ಸೀಮೆಯ ಭಾಷೆಯದು. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ದೂರದಿಂದ ಅವರನ್ನು ತೋರಿಸಿ, "ಆ ಮೇಡಂ ಜಂಗಿನ ಮ್ಯಾಲ ಪಿಎಚ್‌ಡಿ ಮಾಡಾಕತ್ತಾರ" ಎಂದಿದ್ದರು. ಜಂಗ್ ಎಂದರೆ ಯುದ್ಧ. ನಿಜಾಮರು ಹೋಗಿ ಇಷ್ಟು ವರ್ಷವಾದರೂ ಅವರ ಜಂಗ್, ಜವಾಬು, ಜಬರದಸ್ತಿ ಯಾವುದೂ ನಮ್ಮ ಬಾಯಿ ಬಿಟ್ಟು ಹೋಗಿಲ್ಲ. ಸುರಪುರವನ್ನು ಬಗಲಲ್ಲಿ ಇಟ್ಟುಕೊಂಡವನಿಗೆ ಯುದ್ಧವೆಂದರೆ ಯಾವ ಯುದ್ಧ ಎಂದು ಬೇರೆ ಕೇಳಬೇಕೆ? ಒಂದು ದಿನ ಬಸ್ಸಿನಲ್ಲಿ ಅವರ ಪಕ್ಕದ ಸೀಟೇ ಸಿಕ್ಕಿತು. ಭೀಮಾ ಸೇತುವೆ ದಾಟಿದಲ್ಲಿಂದ ಶಹಾಪುರ ಬರುವ ತನಕ ನಾಯಕರ ಕೋಟೆ, ಕಂಪನಿಯವರ ತೋಪು, ಯಾರು ಯಾವ ಬಾಗಿಲಿಂದ ಬಂದರು, ಯಾರು ಯಾರಿಗೆ ದಗಾ ಮಾಡಿದರು ಎಲ್ಲವನ್ನೂ ಬಿಡಿಸಿ ಹೇಳಿದೆ. ಮೇಡಂ ಕಿಟಕಿಯ ಹೊರಗೆ ನೋಡುತ್ತ, ನಡುನಡುವೆ "ಹ್ಞೂಂ" ಅನ್ನುತ್ತ ಕೇಳಿದರು. ಅಷ್ಟು ಹೊತ್ತು ನನ್ನ ಮಾತನ್ನು ನನ್ನ ಮನೆಯವರೂ ಕೇಳಿದ್ದಿಲ್ಲ. ಶಹಾಪುರದಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿಯುವ ಮುಂದೆ ಒಂದೇ ಮಾತು ಹೇಳಿದರು: "ನಂದು ಆ ಜಂಗ್ ಅಲ್ರಿ. ತಗಡಿಗಿ ಹಿಡೀತದಲ್ರಿ, ಆ ಜಂಗು."

ತುಕ್ಕಿಗೂ ನಮ್ಮಲ್ಲಿ ಜಂಗು ಎಂದೇ ಹೆಸರು. ಇನ್ನು ಈ ಬರಹದಿಂದ ನಾನೂ ಅದೇ ಸ್ಟಾಪಿನಲ್ಲಿ ಇಳಿದುಬಿಡುವುದು ವಾಸಿ.

ಮೇಡಂ ಶಹಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಾರೆ. ಇರುವುದು ಯಾದಗಿರಿಯ ಬಾಡಿಗೆ ಮನೆಯಲ್ಲಿ. ಹುಟ್ಟಿದ್ದು ರಾಮಸಮುದ್ರದಲ್ಲಿ. ಅಪ್ಪ ಭೀಮರಾಯ ಮಗಳು ಸಣ್ಣಾಕಿ ಇದ್ದಾಗಲೇ ತೀರಿಕೊಂಡ. ಅವ್ವ ಮರಿಲಿಂಗಮ್ಮ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ, ಸೇಂಗಾ ಹರಿದು ಮಗಳನ್ನು ಎಂಎಸ್ಸಿ ತನಕ ಓದಿಸಿದಳು. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ, "ಮುಗಿಯಲಾರದ್ದು ಓದತಾಳ" ಎನ್ನುತ್ತಿದ್ದಳು. ಮದುವೆಯ ಬಗ್ಗೆ ಊರವರೇ ಮೇಡಂ ಪರವಾಗಿ ಸಾಕಷ್ಟು ಚಿಂತೆ ಮಾಡುತ್ತಿದ್ದುದರಿಂದ ಅವರು ತಾವು ಬೇರೆ ಮಾಡಲಿಲ್ಲ.

ಆ ಜಂಗು ಎಂಬ ಮಾತೂ ಪೂರ್ತಿ ಸರಿಯಲ್ಲ. ಕಬ್ಬಿಣ ಗಾಳಿಯೊಳಗಿನ ಆಮ್ಲಜನಕದ ಕೂಡ ಸಂಬಂಧ ಬೆಳೆಸಿದರೆ ಆಗುವುದು ಆಕ್ಸೈಡು. ತಗಡಿನ ಮೇಲೆ ತಾನೇ ಆದರೆ ಜಂಗು, ಲ್ಯಾಬಿನಲ್ಲಿ ಹದ ನೋಡಿ ಮಾಡಿದರೆ ಸಂಶೋಧನೆ. ಮೇಡಂ ಮಾಡುತ್ತಿದ್ದ ಆಕ್ಸೈಡಿನಲ್ಲಿ ಕಬ್ಬಿಣದ ಜೊತೆಗೆ ಬಿಸ್ಮತ್ ಎಂಬ ಇನ್ನೊಂದು ಲೋಹವೂ ಇರುತ್ತದೆ. ಅದರ ವಿಶೇಷವೇನೆಂದರೆ, ಅಯಸ್ಕಾಂತದ ಗುಣ ಮತ್ತು ವಿದ್ಯುತ್ತಿನ ಗುಣ ಎರಡೂ ಒಂದೇ ಹರಳಿನೊಳಗೆ ಸಂಸಾರ ಹೂಡಿರುತ್ತವೆ. ಇಂಥ ಪದಾರ್ಥಗಳು ಲೋಕದಲ್ಲಿ ಕಮ್ಮಿ. ಇದ್ದವುಗಳಲ್ಲೂ ಅವೆರಡೂ ಒಂದೇ ಸೂರಿನಡಿ ಮಾತು ಬಿಟ್ಟ ಅತ್ತಿ-ಸೊಸಿಯ ಹಾಗೆ ಇರುತ್ತವೆ. ಅತ್ತಿಯ ಕಿವಿಯಲ್ಲಿ ಹೇಳಿದ್ದು ಸೊಸಿಗೆ ಕೇಳಿಸಬೇಕು, ವಿದ್ಯುತ್ತಿನಿಂದ ತಟ್ಟಿದರೆ ಅಯಸ್ಕಾಂತ ತಿರುಗಿ ನೋಡಬೇಕು. ಅದು ಆದರೆ ಮುಂದೆ ಕಂಪ್ಯೂಟರಿನ ನೆನಪನ್ನೆಲ್ಲ ಚೂರೇ ಚೂರು ಕರೆಂಟಿನಲ್ಲಿ ಬರೆದಿಡಬಹುದು. ಜಗತ್ತಿನ ದೊಡ್ಡ ದೊಡ್ಡ ಲ್ಯಾಬುಗಳು ಇದರ ಹಿಂದೆ ಬಿದ್ದಿದ್ದವು. ಶಹಾಪುರದಲ್ಲಿ ಮೇಡಂ ಒಬ್ಬರೇ.

ತಕರಾರು ಅಯಸ್ಕಾಂತದ್ದೇ. ಈ ಹರಳಿನೊಳಗೆ ಕಬ್ಬಿಣದ ಒಂದು ಪರಮಾಣು ಬಲಕ್ಕೆ ಮುಖ ಮಾಡಿದರೆ ಬಗಲಿನದು ಹಟಕ್ಕೆ ಬಿದ್ದು ಎಡಕ್ಕೆ ಮಾಡುತ್ತದೆ. ಒಬ್ಬೊಬ್ಬರಿಗೂ ಬಲವಿದೆ, ಒಟ್ಟು ಬಲ ಸೊನ್ನೆ. ಗ್ರಾಮ ಪಂಚಾಯಿತಿ ಮೀಟಿಂಗು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಡಂ ವಿಚಾರ ಏನಿತ್ತೆಂದರೆ, ಲ್ಯಾಂಥನಂ ಎಂಬ ಮತ್ತೊಂದು ಲೋಹವನ್ನು ಒಂದು ಚಿಟಿಕೆ ಸೇರಿಸಿದರೆ ಅಕ್ಕಪಕ್ಕದವರ ಹಟ ತುಸು ಓರೆಯಾಗಿ, ಸೊನ್ನೆಯ ಬದಲು ಏನೋ ಒಂದು ಉಳಿಯುತ್ತದೆ. ಆ "ಏನೋ ಒಂದು" ಉಳಿದರೆ ಥೀಸಿಸ್ಸು. ಉಳಿಯದಿದ್ದರೆ ಬಿಎಸ್ಸಿ ಮೊದಲನೇ ಸೆಮಿಸ್ಟರಿಗೆ ಮತ್ತೆ ಲೋಲಕ ಹೇಳುವುದು.

ಲ್ಯಾಬು ಎಂದರೆ ಕಾಲೇಜಿನ ಹಿಂದಿನ ಒಂದು ಕೋಣೆ. ಒಂದು ಭಟ್ಟಿ, ಒಂದು ತಕ್ಕಡಿ, ಬಿಲ್ಲೆ ಒತ್ತುವ ಒಂದು ಪ್ರೆಸ್ಸು, ಒಂದು ಅಲಮಾರಿ. ಪುಡಿಗಳನ್ನು ತೂಗಿ, ಅಗೇಟ್ ಕಲ್ಲಿನ ಪುಟ್ಟ ಖಲ್ಲಿನಲ್ಲಿ ನಾಲ್ಕು ತಾಸು ಅರೆದು, ಬಿಲ್ಲೆ ಒತ್ತಿ, ಎಂಟುನೂರು ಡಿಗ್ರಿಯ ಮೇಲೆ ಸುಡಬೇಕು. ಸುಡುವಾಗ ಬಿಸ್ಮತ್ ಸ್ವಲ್ಪ ಹಾರಿ ಹೋಗುತ್ತದೆ, ಅದಕ್ಕೆ ಮೊದಲೇ ಒಂದು ಪಾಲು ಜಾಸ್ತಿ ಹಾಕಿರಬೇಕು. ಲಗ್ನದ ಮನೆಯಲ್ಲಿ ಕರೆಯದ ಮಂದಿಗೂ ಅಕ್ಕಿ ಅಳೆದ ಹಾಗೆ. ನಡುವೆ ಲೈಟು ಹೋದರೆ ಎಲ್ಲ ಮೊದಲಿಂದ. ಸುಟ್ಟ ಬಿಲ್ಲೆಯನ್ನು ತಿರುಗಿ ಅರೆದು, ಶೀಶಾದಲ್ಲಿ ತುಂಬಿ ಹೈದರಾಬಾದಿಗೆ ಕಳಿಸಬೇಕು. ಅಲ್ಲಿ ಎಂಎಸ್ಸಿಯ ಗೆಳತಿ ಅನುರಾಧಾ ಒಂದು ದೊಡ್ಡ ಸಂಸ್ಥೆಯಲ್ಲಿದ್ದಾಳೆ. ಮಷೀನಿನ ಪಾಳಿ ಬಂದಾಗ ಅಳೆದು ಗ್ರಾಫಿನ ಗೀಟು ಕಳಿಸುತ್ತಾಳೆ. ಬಲ ಸೊನ್ನೆಯಿದ್ದರೆ ಸೀದಾ ಗೀಟು. ಏನೋ ಒಂದು ಉಳಿದಿದ್ದರೆ ಗೀಟು ನಡುವೆ ಬಾಯಿ ಬಿಟ್ಟು ಮೀನಿನ ಹಾಗೆ ಕಾಣುತ್ತದೆ.

ಐದು ವರ್ಷದಲ್ಲಿ ಮೂರು ಬ್ಯಾಚು. ಮೂರೂ ಸೀದಾ ಗೀಟು.

ಆ ಕೋಣೆಯ ಅಟೆಂಡರು ಬಾಷುಮಿಯಾ. ರಿಟೈರ್ ಆಗಲು ಆಗ ಎರಡು ವರ್ಷ ಬಾಕಿ. ಮೇಡಂಗೆ ಬಾಷುಚಾಚಾ. ಉಳಿದ ಮಾಸ್ತರರಿಗೆ ಚಹಾ ತರುವವರಷ್ಟೇ ಆಗಿದ್ದ ಚಾಚಾ, ಮೇಡಂ ಬಂದ ಮೇಲೆ ತಮ್ಮನ್ನು ಅರ್ಧ ವಿಜ್ಞಾನಿ ಎಂದು ತಿಳಿದುಕೊಂಡಿದ್ದರು. ಭಟ್ಟಿ ಕಾಯುವುದು ಅವರ ಪಾಲಿನ ಕೆಲಸ. ಪ್ರಿನ್ಸಿಪಾಲರು ಕರೆದರೂ, "ಬಿಲ್ಲಿ ಬೇಯಾಕತ್ತದ ಸಾಬ್, ಈಗ ಬರಂಗಿಲ್ಲ" ಎಂದು ಹೇಳಿ ಕಳಿಸುತ್ತಿದ್ದರು.

ನಾಲ್ಕನೇ ಬ್ಯಾಚು ಭಟ್ಟಿಯಲ್ಲಿದ್ದಾಗ ರಾಮಸಮುದ್ರದಿಂದ ಫೋನು ಬಂತು. ಮರಿಲಿಂಗಮ್ಮ ಹೊಲದ ಬದುವಿನ ಮೇಲೆ ಕುಂತಾಕೆ ಹಾಗೇ ವಾಲಿದ್ದಳು. ಮೇಡಂ ಹೋದರು. ಮಂದಿ ಸೇರಿತು, ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿದರು, ಮಣ್ಣು ಮಾಡಿದರು. ಮೇಡಂ ಅಳಲಿಲ್ಲ. ಬೇಕಂತ ತಡೆದದ್ದಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಗುತ್ತದಲ್ಲ, ಹಾಗೆ ಆಗಿತ್ತು. ಹೆಣ್ಣುಮಕ್ಕಳು ಒಬ್ಬರ ಕಿವಿಯಲ್ಲಿ ಒಬ್ಬರು, "ಓದಿದಾಕಿ, ಕಲ್ಲಾಗ್ಯಾಳ" ಅಂದುಕೊಂಡದ್ದು ಅವರಿಗೂ ಕೇಳಿಸಿತು. ಕಲ್ಲಿಗೂ ತನಗೂ ಇರುವ ವ್ಯತ್ಯಾಸವನ್ನು ಹೇಳಲು ಹೋಗಲಿಲ್ಲ.

ಮೂರನೇ ದಿನ ನೆನಪಾಯಿತು: ಹೈದರಾಬಾದಿನ ಪಾಳಿ ಸೋಮವಾರಕ್ಕೆ. ತಪ್ಪಿದರೆ ಮತ್ತೆ ಆರು ತಿಂಗಳು. ಚಾಚಾಗೆ ಫೋನು ಹಚ್ಚಿದರು.

"ಚಾಚಾ, ಭಟ್ಟಿಯೊಳಗಿನ ಬಿಲ್ಲಿ ತಗದು, ಖಲ್ಲಿನ್ಯಾಗ ಹಿಟ್ಟಿನಂಗ ಅರದು, ಶೀಶಾದಾಗ ಹಾಕಿ ಕೊರಿಯರ್ ಮಾಡ್ರಿ. ವಿಳಾಸ ಗ್ವಾಡಿ ಮ್ಯಾಲ ಹಚ್ಚೀನಿ."

"ಫಿಕರ್ ಮಾಡಬ್ಯಾಡ್ರಿ ಅಮ್ಮಾ. ಇದು ನನ್ನ ಜಿಮ್ಮಾ."

ಹದಿನೈದು ದಿನದ ಮೇಲೆ ಅನುರಾಧಾ ಗೀಟು ಕಳಿಸಿದಳು. ಮೀನು! ಬಾಯಿ ಬಿಟ್ಟ, ಹೊಟ್ಟೆ ತುಂಬಿದ ಮೀನು.

"ಪಂಚೂ, ಏನ್ ಮಾಡಿದ್ಯವ್ವಾ ಈ ಸಲ?" ಎಂದು ಅನುರಾಧಾ ಫೋನಿನಲ್ಲಿ ಕುಣಿದಳು. "ರೂಮ್ ಟೆಂಪರೇಚರ್‌ನ್ಯಾಗ! ಇಷ್ಟು ಚಂದ ಲೂಪು!"

"ಏನಿಲ್ಲ, ಅದೇ ಮಾಡೀನಿ" ಎಂದರು ಮೇಡಂ. ಖುಷಿಯಾಗಬೇಕಿತ್ತು. ಎಲ್ಲಿ ಆಗುತ್ತದೆ ಎಂದು ಸ್ವಲ್ಪ ಹೊತ್ತು ಕಾದರು. ಆಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರು.

ಎಂಟು ತಿಂಗಳಲ್ಲಿ ಲೇಖನ ವಿದೇಶದ ಒಂದು ಜರ್ನಲ್ಲಿನಲ್ಲಿ ಬಂತು. ಕೊನೆಯಲ್ಲಿ ಉಪಕಾರ ಸ್ಮರಣೆಯ ಸಾಲಿನಲ್ಲಿ ಬಾಷುಮಿಯಾ ಹೆಸರೂ ಇತ್ತು. ಚಾಚಾ ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ ಕಿಸೆಯಲ್ಲಿಟ್ಟುಕೊಂಡು, ಶಹಾಪುರದ ಕಟಿಂಗ್ ಅಂಗಡಿಯಿಂದ ಗೋಗಿಗೆ ಹೋಗುವ ಟಂಟಂ ಆಟೋದವರೆಗೆ ತೋರಿಸಿದರು. "ಇಂಗ್ಲೀಷಿನ್ಯಾಗ ಛಾಪಿಸ್ಯಾರ ನೋಡ್ರಿ. ಇದು ನಾನು." ಟಂಟಂನವ "ಫೋಟೋ ಇಲ್ಲಲ್ಲ ಚಾಚಾ" ಎಂದಾಗ ಮಾತ್ರ ತುಸು ಬೇಜಾರಾಯಿತು.

ಸುದ್ದಿ ಹೀಗೆ ಟಂಟಂ ಹತ್ತಿ ಲೋಕಲ್ ಚಾನೆಲ್ಲಿನ ಅಂಬರೀಶನ ಕಿವಿಗೆ ಬಿತ್ತು. ಆತ ಕ್ಯಾಮೆರಾ, ಮೈಕು, ನಿರೂಪಣೆ ಎಲ್ಲಕ್ಕೂ ಒಬ್ಬನೇ. ಮೇಡಂ ಅರ್ಧ ತಾಸು ಅತ್ತಿ-ಸೊಸಿ ಕಥೆ ಹೇಳಿ ತಿಳಿಸಿದ ಮೇಲೆ ಆತ ಪ್ರಸಾರ ಮಾಡಿದ್ದು: "ಕರೆಂಟಿಲ್ಲದೆ ನಡೆಯುವ ಕಂಪ್ಯೂಟರ್, ಶಹಾಪುರದ ಉಪನ್ಯಾಸಕಿಯ ವಿಶ್ವದಾಖಲೆ!"

ಅದನ್ನು ನೋಡಿದವರು ಸುರಪುರದ ರಂಗಂಪೇಟೆಯ ಪಂಪಣ್ಣ. ಕಬ್ಬಿಣ-ಸಿಮೆಂಟಿನ ವ್ಯಾಪಾರಿ, ನಾಗರಿಕ ಹಿತವರ್ಧಕ ವೇದಿಕೆಯ ಅಧ್ಯಕ್ಷರು, ಇನ್ನೂ ಒಂಬತ್ತು ಸಂಸ್ಥೆಗಳ ಗೌರವಾಧ್ಯಕ್ಷರು. ಅವುಗಳಲ್ಲಿ ಮೂರಕ್ಕೆ ಅವರನ್ನು ಬಿಟ್ಟು ಬೇರೆ ಸದಸ್ಯರಿಲ್ಲ. ಯಾರಿಗಾದರೂ ಸನ್ಮಾನ ಮಾಡದೆ ಹದಿನೈದು ದಿನ ಕಳೆದರೆ ಅವರಿಗೆ ಊಟ ಸೇರುವುದಿಲ್ಲ. ಕಾಲೇಜಿಗೇ ಬಂದು ಕುಂತರು.

"ನೋಡ್ರಿ ಮೇಡಂ, ನೀವು ಕಬ್ಬಣದ ಡಾಕ್ಟರು, ನಾ ಕಬ್ಬಣದ ವ್ಯಾಪಾರಿ. ಒಂದ ಕುಲದವರಾದಂಗಾತು. ಸನ್ಮಾನ ನಾವ ಮಾಡಬೇಕು."

ಬೇರೆ ಯಾವ ಲೆಕ್ಕದಲ್ಲಿ ತಾವಿಬ್ಬರೂ ಒಂದೇ ಕುಲದವರಾಗುತ್ತಿದ್ದೆವು ಎಂದು ಮೇಡಂ ಒಂದು ಗಳಿಗೆ ಯೋಚಿಸಿ, "ಇನ್ನಾ ಡಾಕ್ಟರ್ ಆಗಿಲ್ರಿ" ಎಂದಷ್ಟೇ ಹೇಳಿದರು.

"ಆಗ್ತೀರಿ ಬಿಡ್ರಿ. ಕಾರ್ಡಿನ್ಯಾಗ ಹಾಕೇಬಿಟ್ಟೀನಿ."

ಜುಲೈಗೆ ಥೀಸಿಸ್ ಒಪ್ಪಿಸಲು ಕಡೆಯ ಗಡುವು. ಎರಡು ಸಲ ಮುಂದೂಡಿಸಿ ಆಗಿತ್ತು, ಮೂರನೆಯ ಸಲ ಕೊಡುವುದಿಲ್ಲ ಎಂದು ಯೂನಿವರ್ಸಿಟಿಯಿಂದ ಕಾಗದವೇ ಬಂದಿತ್ತು. ಥೀಸಿಸ್ಸಿನ ಐದು ಅಧ್ಯಾಯಗಳಲ್ಲಿ ಜೀವ ಇದ್ದದ್ದು ಒಂದರಲ್ಲಿ, ಅದು ನಾಲ್ಕನೇ ಬ್ಯಾಚಿನ ಮೀನು. ಒಂದೇ ಮೀನನ್ನು ಹೇಗೆ ನಂಬುವುದೆಂದು ಮೇಡಂ ಐದನೇ ಮತ್ತು ಆರನೇ ಬ್ಯಾಚು ಮಾಡಿ ಕಳಿಸಿದ್ದರು. ಅರೆಯುವುದರಿಂದ ಶೀಶಾಕ್ಕೆ ತುಂಬುವವರೆಗೆ ಎಲ್ಲ ತಾವೇ.

ಸನ್ಮಾನ ಭಾನುವಾರ. ಗುರುವಾರ ಮಧ್ಯಾಹ್ನ ಅನುರಾಧಾ ಫೋನು ಮಾಡಿದಳು. ಈ ಸಲ ದನಿಯಲ್ಲಿ ಕುಣಿತ ಇರಲಿಲ್ಲ.

"ಪಂಚೂ, ಐದೂ ಸೀದಾ ಗೀಟು. ಆರೂ ಸೀದಾ ಗೀಟು."

ಮೇಡಂ ಲ್ಯಾಬಿನ ನೋಟ್‌ಬುಕ್ಕು ತೆಗೆದು ನಾಲ್ಕು, ಐದು, ಆರನ್ನು ಎದುರುಬದುರು ಇಟ್ಟರು. ತೂಕ ಅದೇ. ಬೆಂಕಿ ಅದೇ. ತಾಸು ಅವೇ. ಬೇರೆ ಇದ್ದದ್ದು ಒಂದೇ ಒಂದು: ಕಡೆಯ ಸಲ ಅರೆದವರು ಯಾರು ಎಂಬಲ್ಲಿ ನಾಲ್ಕನೆಯದಕ್ಕೆ "ಬಾ.ಮಿ." ಎಂದಿತ್ತು.

ಚಾಚಾ ಕಿಟಕಿಯ ಧೂಳು ಹೊಡೆಯುತ್ತಿದ್ದರು.

"ಚಾಚಾ, ಅವ್ವ ತೀರಿದ ವಾರ ಆ ಬಿಲ್ಲಿ ಎದರಾಗ ಅರದ್ರಿ?"

"ಖಲ್ಲಿನ್ಯಾಗ. ನೀವ ಹೇಳಿದ್ರೆಲ್ಲ."

"ಖಲ್ಲು ನನ್ನ ಅಲಮಾರಿಯೊಳಗಿತ್ತು. ಚಾವಿ ನನ್ನ ಪರ್ಸಿನ್ಯಾಗಿತ್ತು."

"ಹೌದ್ರಿ. ಅಲಮಾರಿ ಬಂದ್ ಇತ್ತು. ಸಾವಿನ ಮನಿಗಿ ಫೋನ್ ಹಚ್ಚಿ ಚಾವಿ ಎಲ್ಲದ ಅಂತ ಕೇಳಾದು ಹ್ಯಾಂಗ ಅಮ್ಮಾ? ಮನಷ್ಯಾರು ಕೇಳತಾರೇನು? ಮನಿಯಿಂದ ತಂದೆ."

"ಏನ ತಂದ್ರಿ?"

"ಖಲಬತ್ತ. ನಮ್ಮ ಫರ್ಹತಂದು." ಫರ್ಹತ ಎಂದರೆ ಚಾಚಾನ ಹೆಂಡತಿ, ತೀರಿಕೊಂಡು ನಾಲ್ಕು ವರ್ಷ. "ಮಸಾಲಿ ಕುಟ್ಟತಿದ್ಲು. ಬೀಡು ಕಬ್ಬಣದ್ದು, ಭಾರೀ ಘಟ್ಟಿ. ಆಕಿ ಹೋದ ಮ್ಯಾಲ ಯಾರಿಗೂ ಮುಟ್ಟಾಕ ಕೊಟ್ಟಿದ್ದಿಲ್ಲ. ಮೂರು ಸಲ ಸಾಬಣ ಹಚ್ಚಿ ತೊಳದು, ಬಿಸಲಿಗಿ ಒಣಗಿಸಿ, ಆಮ್ಯಾಲ ಅರದೀನಿ. ಮಸಾಲಿ ಘಮ ಬಂದ್ರ ಹೈದರಾಬಾದಿನವ್ರು ಏನಂದಾರು?"

ಮೇಡಂ ಎದ್ದು, ಅನುರಾಧಾ ಅಳೆದು ವಾಪಸ್ ಕಳಿಸಿದ್ದ ಶೀಶಾ ತೆಗೆದರು. ನಾಲ್ಕನೇ ಬ್ಯಾಚಿನ ಪುಡಿ ಶೀಶಾದ ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು. ಬಿಳಿ ಹಾಳೆಯ ಮೇಲೆ ಸುರಿದು ತೆಳ್ಳಗೆ ಹರಡಿದರು. ಕೆಟ್ಟ ಸ್ಪೀಕರಿನಿಂದ ಬಿಚ್ಚಿದ ಒಂದು ಅಯಸ್ಕಾಂತವನ್ನು ಹಾಳೆಯ ಕೆಳಗೆ ಹಿಡಿದು ನಿಧಾನ ಎಳೆದರು. ಕಂದು ಪುಡಿ ಅಲ್ಲಾಡಲಿಲ್ಲ. ಅದರ ನಡುವಿಂದ ಸಣ್ಣ ಕರಿ ಚೂರುಗಳು ಎದ್ದು ನಿಂತು, ಸಕ್ಕರೆ ಕಂಡ ಇರುವೆಗಳ ಹಾಗೆ ಸಾಲಾಗಿ ಅಯಸ್ಕಾಂತದ ಹಿಂದೆ ಹೊರಟವು. ಆರು ವರ್ಷ ಲೋಕವನ್ನೆಲ್ಲ ಬಿಟ್ಟು ಹುಡುಕಿದ "ಏನೋ ಒಂದು" ಎಂದರೆ ಖಲಬತ್ತ ಸವೆದು ಉದುರಿದ ಕಬ್ಬಿಣ.

ಚಾಚಾ ಬಗ್ಗಿ ನೋಡಿದರು. "ಖರಾಬಾತೇನ್ರಿ ಅಮ್ಮಾ?"

"ಇಲ್ರಿ. ಬಾಳ ಜೋರಿನಿಂದ ಅರದೀರಿ."

"ಅರೀಬೇಕಲ್ಲ ಮತ್ತ" ಎಂದು ಚಾಚಾ ಸಂತೋಷಪಟ್ಟು ಧೂಳು ಹೊಡೆಯಲು ಹೋದರು.

ಅನುರಾಧಾಗೆ ಹೇಳಿದಾಗ ಆಕೆ ಸಣ್ಣ ದನಿಯಲ್ಲಿ ಅಂದಳು: "ಪಂಚೂ, ಒಂದು ಮಾತು ಕೇಳು. ಐದೂ ಆರೂ ಯಾರೂ ನೋಡಿಲ್ಲ. ನಾನು, ನೀನು ಅಷ್ಟ. ಮೊದಲ ಥೀಸಿಸ್ ಕೊಟ್ಟುಬಿಡು. ನಾಳೆ ಯಾರರೆ ಮಾಡಿ ನೋಡಿ ಇಲ್ಲ ಅಂದ್ರ, ಅವಾಗ ನೋಡೋಣಂತ. ಇಂಥಾವು ನೂರು ಪೇಪರ್ ಅದಾವ ಲೋಕದಾಗ."

"ನೂರಾ ಒಂದನೇದು ಯಾಕ?"

"ನಿನ್ನ ಹಟಕ್ಕ ಬೆಂಕಿ ಹತ್ತಲಿ. ಆರು ವರ್ಷ ಆತಲ್ಲೇ! ಅವ್ವ ಇದ್ದಿದ್ರ ಏನಂತಿದ್ಲು?"

ಅವ್ವ ಇದ್ದಿದ್ದರೆ ಅಲಮಾರಿಯ ಚಾವಿ ಲ್ಯಾಬಿನಲ್ಲೇ ಇರುತ್ತಿತ್ತು ಎಂದು ಮೇಡಂಗೆ ಹೊಳೆಯಿತು. ಫೋನು ಇಟ್ಟು, ಜರ್ನಲ್ಲಿನ ಸಂಪಾದಕರಿಗೆ ಲೇಖನ ಹಿಂದಕ್ಕೆ ಪಡೆಯುತ್ತೇನೆ ಎಂದು ಆರು ಸಾಲಿನ ಮೇಲ್ ಬರೆದರು. ಬರೆಯಲು ಹತ್ತು ನಿಮಿಷ. ಕಳಿಸಲು ಕೈ ಬರಲಿಲ್ಲ. ಕಾರಣ ಬರೆಯುವ ಜಾಗದಲ್ಲಿ ಮೊದಲು "ಅಟೆಂಡರ್ ಬಳಸಿದ ಉಪಕರಣದಿಂದ" ಎಂದು ಬರೆದು, ಅದನ್ನು ಅಳಿಸಿ, "ನನ್ನ ಅಜಾಗ್ರತೆಯಿಂದ" ಎಂದು ಮಾಡಿದರು. ಆದರೂ ಕೈ ಬರಲಿಲ್ಲ. ಡ್ರಾಫ್ಟಿನಲ್ಲಿ ಇಟ್ಟರು.

ಶುಕ್ರವಾರ ಪಂಪಣ್ಣನವರಿಗೆ ಫೋನು ಮಾಡಿದರು. "ಅಣ್ಣಾರ, ಸನ್ಮಾನ ಬ್ಯಾಡ್ರಿ. ನನ್ನ ಸಂಶೋಧನಾ ತಪ್ಪಾಗ್ಯದ."

"ಏನ ತಪ್ಪಾಗ್ಯದ್ರಿ? ಹೆಸರಿನ್ಯಾಗ ಅಕ್ಷರ ತಪ್ಪೇನು?"

"ಹೆಸರಲ್ರಿ. ಸಂಶೋಧನಾ. ನಾ ಕಂಡದ್ದು ಖರೇ ಅಲ್ಲ."

ಅತ್ತ ಕಬ್ಬಿಣದ ಸಲಾಕೆ ಇಳಿಸುವ ಸಪ್ಪಳ. ಪಂಪಣ್ಣ ಯಾರಿಗೋ "ಹುಷಾರ್‌ಲೆ!" ಎಂದು ಕೂಗಿ, ಮತ್ತೆ ಈ ಕಡೆ ಬಂದರು. "ಮೇಡಂ, ಫ್ಲೆಕ್ಸ್ ಕಟ್ಟಿ ಆಗೇದ. ಫ್ಲೆಕ್ಸ್ ಕಟ್ಟಿದ ಮ್ಯಾಲ ವಿಜ್ಞಾನ ಹಿಂದ ಸರಿಬಾರದು. ದೊಡ್ಡವರಿಗಿ ವಿನಯ ಇರ್ತದ, ನನಗ ಗೊತ್ತದ. ನಾನೂ ಹಂಗ. ಭಾನುವಾರ ನಾಕಕ್ಕ ಬರ್ರಿ."

ಭಾನುವಾರ ಮೇಡಂ, ಚಾಚಾ ಇಬ್ಬರೂ ಶಹಾಪುರದಲ್ಲಿ ಸುರಪುರದ ಬಸ್ಸು ಹತ್ತಿದರು. ಮೇ ತಿಂಗಳ ಬಿಸಿಲು. ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ. ಚಾಚಾ ಇಸ್ತ್ರಿ ಹೊಡೆದ ಬಿಳಿ ಜುಬ್ಬಾ ಹಾಕಿ, ಅತ್ತರು ಹಚ್ಚಿಕೊಂಡಿದ್ದರು. ಲ್ಯಾಮಿನೇಷನ್ ಹಾಳೆ ಕಿಸೆಯಿಂದ ಇಣುಕುತ್ತಿತ್ತು. ಕಿಟಕಿಯಲ್ಲಿ ಮಲಗಿದ ಬುದ್ಧನ ಗುಡ್ಡ ಬಂತು, ಹಣೆ, ಮೂಗು, ಎದೆ. ದಿನಾ ನೋಡುವ ಗುಡ್ಡವೇ. ಆರು ವರ್ಷದಲ್ಲಿ "ನಿಂದು ಯಾವಾಗ ಮುಗೀತದವ್ವಾ?" ಎಂದು ಕೇಳದವನು ಈ ತಾಲೂಕಿನಲ್ಲಿ ಅವನೊಬ್ಬನೇ. ಮೇಡಂ ಚಾಚಾನ ಕಡೆ ತಿರುಗಿದರು.

"ಚಾಚಾ, ಆ ಪೇಪರ್ ವಾಪಸ್ ತಗೋತೀನಿ. ನಿಮ್ಮ ಹೆಸರೂ ಹೋಗ್ತದ."

"ಯಾಕ್ರಿ?"

ಹೇಳಿದರು. ಖಲಬತ್ತ, ಕಬ್ಬಿಣ, ಹಾಳೆಯ ಮೇಲಿನ ಕರಿ ಚೂರು, ಡ್ರಾಫ್ಟಿನಲ್ಲಿ ನಿಂತ ಮೇಲ್. ಚಾಚಾ ಕಿಸೆಯ ಹಾಳೆಯನ್ನು ಹೊರತೆಗೆದರು.

"ಅಂದ್ರ ಆ ಮೀನು..."

"ಮೀನಲ್ಲ. ಖಲಬತ್ತ."

"ಫರ್ಹತಂದು?"

"ಹ್ಞೂಂ."

ಚಾಚಾ ಹಾಳೆಯನ್ನು ಕಿಸೆಯ ಒಳಕ್ಕೆ ತಳ್ಳಿದರು. "ಮುಚ್ಚಿಟ್ರ ಯಾರಿಗಿ ಗೊತ್ತಾಗ್ತದ ಅಂತ ನಾ ಕೇಳಂಗಿಲ್ಲ. ನೀವು ಬಿಲ್ಲಿ ಒಂದು ಗುಂಜಿ ಕಮ್ಮಿ ಬಂದ್ರ ತಿರುಗಿ ತೂಗಾವ್ರು." ಮೇಡಂ ಫೋನಿನ ಕಡೆ ಕೈ ಮಾಡಿ, "ಕಳಸ್ರಿ ಅಮ್ಮಾ. ನನ್ನ ಕಡಿಂದ ಕಿರಿಕಿರಿ ಇಲ್ಲ" ಎಂದರು.

ಮೇಡಂ ಡ್ರಾಫ್ಟು ತೆರೆದು ಕಳಿಸಿದರು. ನೆಟ್ವರ್ಕು ಇರಲಿಲ್ಲ. ಮುಂದಿನ ಊರು ಬಂದ ಮೇಲೆ ತಾನೇ ಹೋಯಿತು. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದರು. ಕಂಡಕ್ಟರ್ ಬಂದು ಚಿಲ್ಲರೆ ಕೇಳಿದ. ಕೊಟ್ಟರು.

ಸುರಪುರದ ಸಭಾಭವನದ ಫ್ಲೆಕ್ಸಿನಲ್ಲಿ ಪಂಪಣ್ಣನವರ ಫೋಟೋ ಎತ್ತಿನ ಗಾತ್ರ, ಮೇಡಂ ಫೋಟೋ ಎತ್ತಿನ ಕೊರಳಗಂಟೆಯ ಗಾತ್ರ. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ್ದರಿಂದ ಎಲ್ಲರೂ ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು ಹತ್ತಿದರು. ಪಂಪಣ್ಣ ಪ್ರಾಸ್ತಾವಿಕವೆಂದು ಎದ್ದವರು ನಲವತ್ತು ನಿಮಿಷ ತಾವು ಬೆಳೆದು ಬಂದ ದಾರಿಯನ್ನು ಹೇಳಿದರು. ಕಬ್ಬಿಣ ಮೊದಲು ಕಂಡುಹಿಡಿದವರು ನಮ್ಮವರೇ ಎಂದರು. ಯಾವ ನಮ್ಮವರು ಎಂದು ಬಿಡಿಸಲಿಲ್ಲ. ಕಡೆಗೆ, "ಇಂಥಾ ಮಹಾನ್ ಸಾಧಕಿಗಿ ಶಾಲು ಹಾಕಾಕ ಪಂಪಣ್ಣಗ ಭಾಗ್ಯ ಸಿಕ್ಕದ" ಎಂದು ತಮಗೇ ಚಪ್ಪಾಳೆ ಹೊಡೆದರು.

"ಶಾಲಿಗಿಂತ ಮೊದಲ ನಾ ಎರಡು ಮಾತು ಹೇಳ್ತೀನಿ" ಎಂದು ಮೇಡಂ ಮೈಕಿಗೆ ಬಂದರು.

"ಹೇಳ್ರಿ, ಹೇಳ್ರಿ. ಆದ್ರ ಲಗೂ."

"ನಾ ಮಾಡಿದ ಪುಡಿಯೊಳಗ ಅಯಸ್ಕಾಂತದ ಗುಣ ಅದ ಅಂತ ಬರದಿದ್ದೆ. ಅದು ಇಲ್ಲ. ಇದ್ದದ್ದು ಖಲಬತ್ತದ ಕಬ್ಬಣ. ಅರಿಯುವಾಗ ಉದುರಿ ಬಿದ್ದದ. ತಪ್ಪು ನಂದು. ಪೇಪರ್ ಇವತ್ತ ವಾಪಸ್ ತಗೊಂಡೀನಿ. ಥೀಸಿಸ್ಸಿಗಿ ಜುಲೈ ಕಡೀದು, ಅಷ್ಟರಾಗ ಇನ್ನೊಂದು ಆಗಂಗಿಲ್ಲ. ಅಂದ್ರ ಡಾಕ್ಟರೇಟೂ ಇಲ್ಲ. ಕಾರ್ಡಿನ್ಯಾಗ ಡಾಕ್ಟರ್ ಅಂತ ಅದ, ಅದನ್ನ ಹೊಡದು ಹಾಕ್ರಿ. ಮುಗೀತು."

ಭಾಷಣ ಇಷ್ಟು ಬೇಗ ಮುಗಿದ ಖುಷಿಗೆ ಸಭೆಯಲ್ಲಿ ಜೋರಾಗಿ ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ಬಿಳಿ ಜುಬ್ಬಾ ಎದ್ದು ನಿಂತಿತು. "ಸಾಬ್, ಒಂದು ಮಾತು! ಮೇಡಂ ಸುಳ್ಳು ಹೇಳಾಕತ್ತಾರ. ಅರದಾಂವ ನಾನು. ಖಲಬತ್ತ ನಮ್ಮ ಮನೀದು. ಮೇಡಂ ಅವತ್ತ ಊರಾಗೇ ಇದ್ದಿದ್ದಿಲ್ಲ, ಅವರವ್ವ ತೀರಿದ್ಲು. ತಪ್ಪು ಬರಿಯೂದಿದ್ರ ನನ್ನ ಹೆಸರಿಗಿ ಬರೀರಿ."

"ಚಾಚಾ, ಕುಂದರ್ರಿ."

"ಕುಂದರಂಗಿಲ್ಲ. ಪೇಪರಿನ್ಯಾಗ ಹೆಸರು ಹಾಕಿದಾಗ ಸುಮ್ಮ ಹಾಕಸ್ಕೊಂಡೀನಿ, ತಗಿಯೂ ಮುಂದ ಯಾಕ ಬಚ್ಚಿಟ್ಟುಕೊಳ್ಳಲಿ?"

ಮತ್ತೂ ಜೋರು ಚಪ್ಪಾಳೆ. ಯಾರೋ ಸೀಟಿ ಹೊಡೆದರು. ಮೇಡಂ ಮೈಕಿನ ಕಂಬ ಹಿಡಿದು ನಿಂತೇ ಇದ್ದರು. ಚಾಚಾ ಅಳುತ್ತಿದ್ದಾರೆ ಎಂಬುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ತಮ್ಮ ಕಣ್ಣು ಮುಟ್ಟಿ ನೋಡಿಕೊಂಡರು. ಒಣಗಿತ್ತು.

ಪಂಪಣ್ಣ ಶಾಲಿನ ಎರಡೂ ತುದಿ ಹಿಡಿದು ನಡುವೇದಿಕೆಯಲ್ಲಿ ಸಿಕ್ಕಿಬಿದ್ದಿದ್ದರು. ಇಪ್ಪತ್ತು ವರ್ಷದ ಅನುಭವದಲ್ಲಿ ಇಂಥ ಪ್ರಸಂಗಕ್ಕೆ ನಮೂನೆಯೇ ಇರಲಿಲ್ಲ. ಕಾರ್ಯದರ್ಶಿಯ ಕಿವಿಯಲ್ಲಿ ಕೇಳ ಹೋದದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು: "ಈಗ ಯಾರಿಗಿ ಹಾಕಲೋ ಇದನ್ನ?" ಕಡೆಗೆ ಮೆಟ್ಟಿಲಿಳಿದು ಹೋಗಿ ಬಾಷುಮಿಯಾನ ಹೆಗಲಿಗೆ ಹಾಕಿ, ಫೋಟೋ ತೆಗೆಸಿಕೊಂಡು, ಸಭೆ ಮುಗಿದದ್ದನ್ನು ಘೋಷಿಸಿದರು. ಪಂಪಣ್ಣನವರ ಆಯುಷ್ಯದಲ್ಲಿ ಅಳತೆ ಸರಿಹೋದ ಸನ್ಮಾನ ಅದೊಂದೇ ಇರಬೇಕು. ಅದೂ ಕೈತಪ್ಪಿ ಆದದ್ದು.

ಮೇಡಂ ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಬರೀಶ ಒಂದು ಕೈಯಲ್ಲಿ ಕ್ಯಾಮೆರಾ, ಒಂದು ಕೈಯಲ್ಲಿ ಮೈಕು ಹಿಡಿದು ಅಡ್ಡ ಬಂದ. ಮೈಕು ಕೈಗೆ ಬಂದರೆ ಆತನ ಕನ್ನಡ ತಾನಾಗಿ ಪುಸ್ತಕದ್ದಾಗುತ್ತದೆ.

"ಮೇಡಂ, ಆರು ವರ್ಷಗಳ ತಮ್ಮ ತಪಸ್ಸು ಕ್ಷಣಮಾತ್ರದಲ್ಲಿ ಮಣ್ಣುಪಾಲಾಗಿದೆ. ಪಿಎಚ್‌ಡಿ ಕನಸು ನುಚ್ಚುನೂರಾಗಿದೆ. ಈ ಸಂದರ್ಭದಲ್ಲಿ ತಮಗೆ ಏನನ್ನಿಸುತ್ತಿದೆ?"

"ಏನೂ ಅನ್ನಿಸಾಕತ್ತಿಲ್ಲ. ನನ್ನ ಚಪ್ಪಲಿ ಮ್ಯಾಲ ನಿಂತೀರಿ, ಕಾಲು ತಗೀರಿ."